ಮಂಡಕ್ಕಿ ಭಟ್ಟಿಯಲ್ಲಿ ಕೊಟ್ರನ ಎಂಟು ದಿನ

ಹೊಟ್ಟಿನ ಹೊಗೆ ಬಿಟ್ಟರೆ ಬೇರೆ ಮೋಡವನ್ನೇ ಹೆಚ್ಚಾಗಿ ಕಾಣದ ಊರೊಂದಿತ್ತು. ಆ ಊರಲ್ಲಿ ಮಂಡಕ್ಕಿ ಭಟ್ಟಿಗಳದೇ ಒಂದು ಸಾಲು. ಸಾಲಿನ ಕೊನೆಗೆ ದಾದಾಪೀರ್ ಸಾಹುಕಾರರ ಭಟ್ಟಿ. ಆ ಭಟ್ಟಿಯಲ್ಲಿ ಜರಡಿ ಹಿಡಿಯುವವಳು ಹಾಲಮ್ಮ. ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರ. ಕತೆ ಅವನದು, ಕಷ್ಟ ಅವಳದು.

ಕೊಟ್ರ ಕೆಟ್ಟವನಲ್ಲ. ಕುಡಿಯುವವನಲ್ಲ, ಕದಿಯುವವನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಮರೆಯುವವನೂ ಅಲ್ಲ. ತೊಂದರೆ ಅದೇ. ಹೇಳಿದ್ದನ್ನು ಹೇಳಿದ ಹಾಗೆ, ಒಂದಕ್ಷರ ಬಿಡದೆ ಮಾಡುತ್ತಿದ್ದ. ಒಲೆ ಮೇಲೆ ಹಾಲಿಟ್ಟು "ನೋಡ್ತಿರು" ಎಂದರೆ ನೋಡುತ್ತಿದ್ದ. ಹಾಲು ಉಕ್ಕುವುದನ್ನು ನೋಡುತ್ತಿದ್ದ, ಚೆಲ್ಲುವುದನ್ನು ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ.

"ಹಾಲೆಲ್ಲ ಹೋಯ್ತಲ್ಲೋ!"

"ನೋಡಿದೆ ಯವ್ವಾ."

ಹೀಗೆ ಇಪ್ಪತ್ತನಾಲ್ಕು ವರ್ಷ ನಡೆದುಹೋಗಿತ್ತು.

ಮಂಡಕ್ಕಿ ಭಟ್ಟಿ ನೋಡದವರಿಗೆ ಒಂದು ಮಾತು. ದೊಡ್ಡ ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಒಲೆ ಮುಂದೆ ನಿಂತವನು ಅದಕ್ಕೆ ಅಕ್ಕಿ ಸುರಿದು ಎರಡು ಸಲ ತಿರುವುತ್ತಾನೆ. ಅಷ್ಟರಲ್ಲಿ ಅಕ್ಕಿ ಅರಳಿರುತ್ತದೆ. ಅರಳಿದ್ದನ್ನು ಮರಳಿನ ಸಮೇತ ಬಾಚಿ ಎಸೆಯುತ್ತಾನೆ. ಪಕ್ಕದಲ್ಲಿ ಕೂತವರು ಅದನ್ನು ಜರಡಿಯಲ್ಲಿ ಹಿಡಿದು ಜಾಡಿಸಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಷ್ಟು ಹೊತ್ತಿಗೆ ಮುಂದಿನ ಅಕ್ಕಿ ಬಾಣಲೆಗೆ ಬಿದ್ದಿರುತ್ತದೆ. ಹಾಕು, ಹಿಡಿ, ಜಾಡಿಸು! ಹಾಕು, ಹಿಡಿ, ಜಾಡಿಸು! ಬೆಳಗಿನಿಂದ ಸಂಜೆಯವರೆಗೆ ಇದೇ ಕೂಗು. ಒಂದು ಗಳಿಗೆ ತಡವಾದರೆ ಬಾಣಲೆ ಸೀದೀತು.

ಹಾಲಮ್ಮ ಇಪ್ಪತ್ತಾರು ವರ್ಷ ಈ ಕೂಗಿನ ನಡುವೆ ಕೂತು ಜರಡಿ ಹಿಡಿದಳು. ಈಗ ಅವಳ ಮಣಿಕಟ್ಟು ಊದಿಕೊಂಡು ಜರಡಿ ಕೈಜಾರತೊಡಗಿತ್ತು. ಒಂದು ದಿನ ಸಾಹುಕಾರರು ಕರೆದು ಹೇಳಿದರು:

"ಹಾಲಮ್ಮ, ನಿನ್ನ ಕೈ ಸೋತಿದಾವೆ. ಮಗನ್ನ ಕಳಿಸು. ಸೋಮವಾರದಿಂದ ಸೋಮವಾರ, ಎಂಟು ದಿನ ನೋಡ್ತೀನಿ. ನಿಂತರೆ ನಿನ್ನ ಜಾಗ ಅವನಿಗೆ ಖಾಯಂ. ನಿಲ್ಲಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ. ಆಮೇಲೆ ನನ್ನ ಬೈಕೋಬೇಡ."

ಬೈದುಕೊಳ್ಳುವುದಕ್ಕೇನಿದೆ? ಆ ಮನೆಯ ಎರಡು ಹೊಟ್ಟೆಗೆ ಇದ್ದದ್ದು ಅದೊಂದು ಜಾಗ. ಅದು ಹೋದರೆ ಇಬ್ಬರೂ ಬೀದಿಗೆ ಬಂದ ಹಾಗೆ.

ಸೋಮವಾರ ಬೆಳಿಗ್ಗೆ ಹಾಲಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು, ಬುತ್ತಿ ಕಟ್ಟಿದಳು, ಬುದ್ಧಿ ಹೇಳಿದಳು.

"ಹೊಸ ಕೆಲಸ ಮಗನೇ. ಯಾರು ಕರೆದರೂ ಆಂ ಊಂ ಅನ್ನಬೇಡ. ಕೈಲಿರೋದು ಬಿಟ್ಟು ಓಡಿ ಹೋಗು. ತಿಳೀತಾ?"

"ತಿಳೀತು ಯವ್ವಾ."

"ಮರೀಬೇಡ!"

"ಮರೆಯಲ್ಲ."

ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ಕೈಲಿರೋದು ಬಿಡು, ಓಡು. ಕೈಲಿರೋದು ಬಿಡು, ಓಡು.

ಭಟ್ಟಿಯ ಅಂಗಳದ ಅಂಚಿಗೆ ಒಂದು ಚರಂಡಿ, ಅದರ ಮೇಲೊಂದು ಹಲಗೆ. ಕೊಟ್ರ ಮಂಡಕ್ಕಿ ಚೀಲ ತಲೆ ಮೇಲಿಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದುಕೊಂಡು, ಹಲಗೆ ದಾಟುತ್ತಿದ್ದ.

"ಕೊಟ್ರಾ!" ಎಂದರು ಸಾಹುಕಾರರು.

ಕೊಟ್ರ ಕೈ ಬಿಟ್ಟ. ಓಡಿದ. ಚೀಲ ಚರಂಡಿಗೆ ಬಿತ್ತು.

"ಯಾಕೋ ಬಿಟ್ಟೆ?"

"ಕರೆದ್ರಲ್ಲ ಸಾವ್ಕಾರ್ರೇ."

"ಹುಷಾರಾಗಿ ದಾಟು ಅಂತ ಹೇಳೋಕೆ ಕರೆದೆ ಕಣೋ!"

ಆಮೇಲೆ ಅವನಿಗೆ ಏಣಿ ಹಿಡಿಯುವ ಕೆಲಸ ಕೊಟ್ಟರು. ಮೇಲೆ ಹಂಚು ಸರಿಮಾಡುವ ಆಳು ಹತ್ತಿದ್ದ. ಒಲೆ ಮುಂದಿನಿಂದ ಅಕ್ಕಿ ಹುರಿಯುವ ರುದ್ರಪ್ಪ ಕೂಗಿದ, "ಕೊಟ್ರಾ, ಕುಡಿಯೋಕೆ ನೀರು ತಾರೋ!" ಕೊಟ್ರ ಏಣಿ ಬಿಟ್ಟ. ಓಡಿದ. ಏಣಿ ಒಂದು ಕಡೆ ಹೋಯಿತು, ಆಳು ತೊಲೆ ಹಿಡಿದು ನೇತಾಡಿದ. ನೇತಾಡುತ್ತಿದ್ದವನು "ಕೊಟ್ರಾ!" ಎಂದ. ಕೊಟ್ರ ನೀರಿನ ಚೆಂಬು ಬಿಟ್ಟ, ಓಡಿದ. ಸಾಹುಕಾರರು "ಕೊಟ್ರಾ!" ಎಂದರು. ಅತ್ತ ತಿರುಗಿದ. ರುದ್ರಪ್ಪ "ಕೊಟ್ರಾ!" ಎಂದ. ಇತ್ತ ತಿರುಗಿದ. ಸಂಜೆಯವರೆಗೆ ಎಲ್ಲರ ಕಡೆಗೂ ಓಡಿ ಯಾರನ್ನೂ ಮುಟ್ಟದೆ ಮನೆಗೆ ಬಂದ.

"ಯವ್ವಾ, ಎದೆ ಢವಢವ ಅಂತೈತೆ. ಕಾಲು ಎಲ್ಲಿದಾವೋ ಗೊತ್ತಾಗ್ತಿಲ್ಲ. ನಾಳೆ ಹೋಗಲ್ಲ."

ಹಾಲಮ್ಮನಿಗೆ ಸಿಟ್ಟಿನ ಜೊತೆ ಒಂದು ಆಸೆಯೂ ಹುಟ್ಟಿತು. ಮಗ ದಡ್ಡನಲ್ಲ, ಗಾಬರಿ ಬಿದ್ದಿದ್ದಾನೆ. ಭಟ್ಟಿಯ ಗಾಬರಿಯೆಂದರೆ ಅವಳಿಗೆ ಹೊಸದೇ? ಇಪ್ಪತ್ತಾರು ವರ್ಷ ಅದನ್ನು ಪಳಗಿಸಿಕೊಂಡು ಬಾಳಿದವಳು ಅವಳು. ಜರಡಿ ಹಿಡಿಯುವುದನ್ನು ಯಾರು ಬೇಕಾದರೂ ಕಲಿಸಬಹುದು. ಗಾಬರಿ ಇಲ್ಲದೆ ಹಿಡಿಯುವುದನ್ನು ತಾನೇ ಕಲಿಸಬೇಕು ಅಂದುಕೊಂಡಳು.

"ಅಯ್ಯೋ ನನ್ನ ಕರ್ಮವೇ! ಕರೆದ ಕಡೆಗೆಲ್ಲ ಓಡ್ತಾರೇನೋ! ಒಂದು ಹೊತ್ತಿಗೆ ಒಂದೇ ಕೆಲಸ. ಹಿಡಿದದ್ದು ಮುಗಿಸು, ಆಮೇಲೆ ಇನ್ನೊಂದು. ಯಾರು ಬಾಯಿ ಬಡಕೊಂಡರೂ ತಲೆ ಎತ್ತಬೇಡ. ಆಗ ಎದೆ ಢವಢವ ಅನ್ನಲ್ಲ."

"ಹಂಗೇ ಮಾಡ್ತೀನಿ ಯವ್ವಾ."

"ಮರೀಬೇಡ!"

"ಮರೆಯಲ್ಲ."

ಮಂಗಳವಾರ ಕೊಟ್ರನಿಗೆ ಚೀಲದ ಬಾಯಿ ಹೊಲಿಯುವ ಕೆಲಸ. ದಬ್ಬಳ ಕೊಟ್ಟರು, ದಾರ ಕೊಟ್ಟರು, ನಲವತ್ತು ಚೀಲ ತೋರಿಸಿದರು. ಕೊಟ್ರ ತಲೆ ತಗ್ಗಿಸಿ ಕೂತ. ಒಂದೊಂದೇ ಹೊಲಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹೊಲಿದ.

ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯವರ ಎಮ್ಮೆಯೊಂದು ಅಂಗಳಕ್ಕೆ ಬಂತು.

"ಕೊಟ್ರಾ, ಎಮ್ಮೆ!" ಎಂದ ರುದ್ರಪ್ಪ. ಅವನು ಬಾಣಲೆ ಬಿಟ್ಟು ಬರುವ ಹಾಗಿರಲಿಲ್ಲ.

ಕೊಟ್ರ ತಲೆ ಎತ್ತಲಿಲ್ಲ.

"ಓಡಿಸೋ! ರಾಶಿಗೆ ಬಾಯಿ ಹಾಕ್ತು!"

"ಇನ್ನೂ ಐದು ಚೀಲ ಐತೆ."

"ಲೇ, ನಿನ್ನ ಪಕ್ಕದಲ್ಲೇ ಐತಲ್ಲೋ!"

"ಒಂದು ಹೊತ್ತಿಗೆ ಒಂದೇ ಕೆಲಸ ರುದ್ರಣ್ಣ."

ಎಮ್ಮೆ ರಾಶಿ ಮುಗಿಸಿ ಚೀಲಗಳ ಕಡೆಗೆ ಬಂತು. ಮೂವತ್ತೆಂಟನೆಯ ಚೀಲದೊಳಗೆ ಅದು ತಲೆ ಹಾಕಿದ್ದಾಗಲೇ ಕೊಟ್ರ ಮೂವತ್ತೇಳನ್ನು ಮುಗಿಸಿದ್ದು. ಕೊಟ್ರ ಮೂವತ್ತೆಂಟಕ್ಕೆ ಕೈ ಹಾಕಿದ. ಕತ್ತಿನ ಸುತ್ತ ನೀಟಾಗಿ ಹೊಲಿದು, ಗಂಟು ಹಾಕಿ, ದಾರ ಕಚ್ಚಿ ಹರಿದ. ಮೂವತ್ತೊಂಬತ್ತಕ್ಕೆ ಹೋದ.

ಹಾಲಮ್ಮ ಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಬೀದಿಯಲ್ಲಿ ಗಲಾಟೆ ಕೇಳಿ ತಲೆ ಎತ್ತಿದಳು. ತಲೆಗೆ ಚೀಲ ಹಾಕಿಕೊಂಡ ಎಮ್ಮೆ ಗೋಡೆ ಗೋಡೆಗೆ ಗುದ್ದಿಕೊಳ್ಳುತ್ತ ಹೋಯಿತು. ಚೀಲದ ಮೇಲೆ ದಾದಾಪೀರ್ ಸಾಹುಕಾರರ ಗುರುತು. ಹೊಲಿಗೆ ನೀಟಾಗಿತ್ತು. ಹಾಲಮ್ಮ ಮೊರ ಪಕ್ಕಕ್ಕಿಟ್ಟಳು. ಯಾರೂ ಬಂದು ಹೇಳಬೇಕಾಗಿರಲಿಲ್ಲ.

"ಎಮ್ಮೆ ತಲೆ ಕಾಣಲಿಲ್ಲೇನೋ ನಿನಗೆ!"

"ಕಂಡಿತು ಯವ್ವಾ. ಅದರಿಂದಲೇ ಹೊಲಿಯೋದು ಕಷ್ಟ ಆಯ್ತು."

"ನಿನ್ನ ಬಾಯಿಗೆ ಮಣ್ಣು ಹಾಕ! ಕೇಳು ಇಲ್ಲಿ. ಯಾರಾದರೂ ಕೂಗಿದರೆ ಓಡಲೂಬೇಡ, ಸುಮ್ಮನೆ ಕೂರಲೂಬೇಡ. ಕಣ್ಣು ಮುಚ್ಚು. ಉಸಿರು ಒಳಗೆಳೆದು ನಿಧಾನಕ್ಕೆ ಬಿಡು. ಒಂದರಿಂದ ಹತ್ತು ಎಣಿಸು. ಮಧ್ಯ ತಪ್ಪಿದರೆ ಮತ್ತೆ ಮೊದಲಿಂದ ಎಣಿಸು. ಎದೆ ತಣ್ಣಗಾದ ಮೇಲೆ ಕಣ್ಣು ಬಿಟ್ಟು, ಯಾವುದು ಮುಖ್ಯ ಅಂತ ನೋಡಿ ಮಾಡು. ನಾನು ಇಷ್ಟು ವರ್ಷ ಬದುಕಿದ್ದು ಹಂಗೇ."

"ಹಂಗೇ ಮಾಡ್ತೀನಿ ಯವ್ವಾ."

ಬುಧವಾರ ಅವನನ್ನು ತಾಯಿಯ ಜಾಗದಲ್ಲೇ ಕೂರಿಸಿದರು. ಕೈಗೆ ಜರಡಿ ಕೊಟ್ಟರು. ರುದ್ರಪ್ಪ ಅಕ್ಕಿ ಸುರಿದ, ತಿರುವಿದ, ಕೂಗಿದ.

"ಹಿಡಿ!"

ಕೊಟ್ರ ಕಣ್ಣು ಮುಚ್ಚಿದ. ಉಸಿರು ಎಳೆದ. ಹೊಗೆ ಒಳಗೆ ಹೋಗಿ ಕೆಮ್ಮಿದ. ಮತ್ತೆ ಎಳೆದ.

"ಒಂದು."

"ಹಿಡಿಯೋ ಜರಡಿ!"

"ಎರಡು."

"ಲೇ, ಸೀದು ಹೋಗ್ತೈತೆ!"

"ಮೂರು. ನಾಲ್ಕು."

"ಸಾವ್ಕಾರ್ರೇ! ಓ ಸಾವ್ಕಾರ್ರೇ!"

ಕೊಟ್ರ ಒಂದು ಕಣ್ಣು ತೆರೆದ. "ಮಧ್ಯ ಮಾತಾಡಬೇಡ ರುದ್ರಣ್ಣ, ತಪ್ಪಿಹೋಯ್ತು." ಕಣ್ಣು ಮುಚ್ಚಿದ. "ಒಂದು."

ಹತ್ತು ಮುಗಿಸಿ ಕಣ್ಣು ಬಿಟ್ಟಾಗ ಅವನ ಎದೆ ತಣ್ಣಗಿತ್ತು. ಬಾಣಲೆಯಲ್ಲಿದ್ದದ್ದು ಇದ್ದಿಲಾಗಿತ್ತು.

"ಈಗ ಹೇಳಣ್ಣ. ಯಾವುದು ಮುಖ್ಯ?"

ಊಟದ ಹೊತ್ತಿಗೆ ಹನ್ನೊಂದು ಬಾಣಲೆ ಸೀದವು. ಹನ್ನೆರಡನೆಯದಕ್ಕೆ ರುದ್ರಪ್ಪನ ಮುಖ ಕೆಂಪಾಯಿತು, ಬೆವರು ಧಾರೆಯಾಗಿ ಇಳಿಯಿತು, ಒಲೆ ಮುಂದೆಯೇ ಧೊಪ್ಪನೆ ಕೂತುಬಿಟ್ಟ. ನಾಲ್ಕು ಜನ ಸೇರಿ ಎತ್ತಿಕೊಂಡು ಹೋದರು. ಎತ್ತುವಾಗ "ಕೊಟ್ರಾ, ಕಾಲು ಹಿಡಿಯೋ!" ಎಂದರು. ಕೊಟ್ರ ಕಣ್ಣು ಮುಚ್ಚಿದ.

"ಒಲೆ ಮುಂದೆ ಕೂತು ಎಣಿಸ್ತಾರೇನೋ!" ಹಾಲಮ್ಮ ಹಣೆ ಚಚ್ಚಿಕೊಂಡಳು. "ನಾನು ಎಣಿಸ್ತಿದ್ದದ್ದು ಉಣ್ಣೋ ಹೊತ್ತಲ್ಲಿ ಕಣೋ!"

"ಅದನ್ನ ನೀನು ಹೇಳಲಿಲ್ಲ ಯವ್ವಾ."

ಹೇಳಿರಲಿಲ್ಲ. ಅದೂ ನಿಜವೇ. ಹಾಲಮ್ಮ ಈ ಸಲ ಯೋಚನೆ ಮಾಡಿ, ಏನೂ ಬಿಟ್ಟುಹೋಗದ ಹಾಗೆ ಬಿಡಿಸಿ ಹೇಳಿದಳು.

"ರುದ್ರಪ್ಪನ ಮುಖ ಕೆಂಪಾಗಿತ್ತಾ? ಬೆವರು ಇಳೀತಿತ್ತಾ? ಅದು ತಲೆಗೆ ಕಾವು ಏರಿದ ಗುರುತು. ಭಟ್ಟಿ ಅಂದಮೇಲೆ ಯಾರಿಗೆ ಬೇಕಾದರೂ ಏರುತ್ತೆ. ಆಗ ಎಣಿಸ್ಕೊಂಡು ಕೂರಬಾರದು. ಒಂದು ಚೆಂಬು ತಣ್ಣೀರು ಫಟ್ ಅಂತ ಮುಖಕ್ಕೆ ಎರಚಬೇಕು. ರಟ್ಟೆ ಹಿಡಿದು ನೆರಳಿಗೆ ಎಳಕೊಂಡು ಹೋಗಿ ಕೂರಿಸಬೇಕು. ಬೇಡ ಅಂತಾರೆ, ಕೇಳಬಾರದು. ಕಾವೇರಿದವರು ಬೇಡ ಅಂತಾನೇ ಅಂತಾರೆ."

"ಹಂಗೇ ಮಾಡ್ತೀನಿ ಯವ್ವಾ."

"ಮರೀಬೇಡ!"

"ಯಾವತ್ತು ಮರೆತಿದೀನಿ?"

ಗುರುವಾರ ಹರಪನಹಳ್ಳಿ ಕಡೆಯ ವ್ಯಾಪಾರಿಯೊಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಭುಜದ ಮೇಲೆ ಜರಿ ಅಂಚಿನ ಶಲ್ಯ. ಅರವತ್ತು ಚೀಲದ ವ್ಯಾಪಾರ. ಮೂರು ದಿನದ ನಷ್ಟವೆಲ್ಲ ಇದೊಂದರಲ್ಲೇ ತುಂಬಿಬರುತ್ತಿತ್ತು. ಸಾಹುಕಾರರು ಕುರ್ಚಿ ಹಾಕಿಸಿದರು, ಖಾರದ ಮಂಡಕ್ಕಿ ತರಿಸಿದರು, ಅದರ ಜೊತೆಗೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಬಜ್ಜಿ ತರಿಸಿದರು.

ವ್ಯಾಪಾರಿ ಒಂದು ಮಿರ್ಚಿ ತಿಂದರು. ಎರಡು ತಿಂದರು. ಮೂರನೆಯದಕ್ಕೆ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು ಮೂಡಿತು, ಕಣ್ಣಲ್ಲಿ ನೀರು ತುಂಬಿತು. ಬಾಯಿ ಚಪ್ಪರಿಸಿಕೊಂಡು, ಬಹಳ ಸಂತೋಷದಿಂದ, "ಆಯ್ತು ಸಾವ್ಕಾರ್ರೇ, ಅರವತ್ತು ಚೀಲ ನಾನೇ..." ಎಂದರು.

ಫಟ್!

"ಅಯ್ಯಯ್ಯೋ! ಏನಿದು! ಯಾರಿವನು! ಬೇಡ! ಬಿಡೋ! ಬೇಡ!"

ಕೊಟ್ರ ಅವರ ರಟ್ಟೆ ಹಿಡಿದಿದ್ದ. ಸಾಹುಕಾರರ ಕಡೆ ತಿರುಗಿ, "ಬೇಡ ಅಂತಾನೇ ಅಂತಾರೆ" ಎಂದು ತಿಳಿಸಿದ.

ಅಂಗಳದಲ್ಲಿ ನೆರಳಿದ್ದದ್ದು ಒಂದೇ ಕಡೆ, ಬೂದಿ ಗುಡ್ಡೆಯ ಹಿಂದೆ. ಅಲ್ಲಿಯವರೆಗೆ ಎಳೆದುಕೊಂಡು ಹೋಗಿ ಕೂರಿಸಿದ. ನೆಂದ ಜುಬ್ಬಾಕ್ಕೆ ಬೂದಿ ಚೆನ್ನಾಗಿ ಹಿಡಿಯಿತು. ವ್ಯಾಪಾರಿ ಎದ್ದು, ಶಲ್ಯ ಹುಡುಕಿಕೊಂಡು, ಸೀದಾ ಎದುರಿನ ಭಟ್ಟಿಗೆ ಹೋದರು.

ಸಂಜೆ ರುದ್ರಪ್ಪನೇ ಹಾಲಮ್ಮನ ಮನೆಗೆ ಬಂದ. ನೆರೆಯವನ ಹಾಗೆ ಬಂದು ಕಟ್ಟೆ ಮೇಲೆ ಕೂತ.

"ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಮಗ ದಿನದಿಂದ ದಿನಕ್ಕೆ ಆರಾಮ ಆಗ್ತಿದಾನೆ. ಕೈ ನಡುಗೋದೆಲ್ಲ ನಮಗೇ."

"ಸಾವ್ಕಾರ್ರು ಏನಂದ್ರು ರುದ್ರಪ್ಪ?"

"ಏನೂ ಅನ್ನಲಿಲ್ಲ. ಅದೇ ಭಯ. ಇವತ್ತೇ ಕಳಿಸಿಬಿಡ್ತಿದ್ದರು. ನಿನ್ನ ಹೆಸರು ಎತ್ತಿ, ಬಾಯಿ ತೆರೆದು, ಹಂಗೇ ಮುಚ್ಚಿಕೊಂಡರು."

ಹಾಲಮ್ಮ ಅವತ್ತು ಕೂಗಾಡಲಿಲ್ಲ. ಮಗನ ತಟ್ಟೆಗೆ ರೊಟ್ಟಿ ಹಾಕಿ ಎದುರಿಗೆ ಕೂತು ಹೇಳಿದಳು:

"ಬಂದವರ ಮೈ ಮುಟ್ಟಬೇಡ. ಚೆಂಬಿಗೆ ಕೈ ಹಾಕಬೇಡ. ಯಾರಾದರೂ ಮುಖ ಬಾಡಿಸ್ಕೊಂಡು ಬಂದರೆ ಹತ್ತಿರ ಕೂತು ಒಂದು ನಗೆ ಮಾತು ಹೇಳು. ನಗಿಸು. ನಕ್ಕರೆ ಎದೆ ಹಗುರಾಗುತ್ತೆ. ನಗೋದಕ್ಕೆ ನೀರು ಬೇಡ, ಬೆಂಕಿ ಬೇಡ. ಇದರಲ್ಲಿ ಏನು ಕೆಡೋಕೆ ಸಾಧ್ಯ?"

"ಏನೂ ಇಲ್ಲ ಯವ್ವಾ."

ಶುಕ್ರವಾರ ಭಟ್ಟಿಗೆ ರಜೆ. ಆಳುಗಳೆಲ್ಲ ಮನೆಯಲ್ಲಿ ಮಲಗಿ ನಿದ್ದೆ ಮಾಡಿದರಂತೆ. ಹಾಲಮ್ಮ ಮಾತ್ರ ಸಾಹುಕಾರರ ಮನೆಗೆ ಹೋಗಿ ಬಾಗಿಲ ಬಳಿ ನಿಂತಳು. ಸಾಹುಕಾರರು ನಮಾಜು ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. ಕಪ್ಪಿನ ಕೆಳಗಿನ ಬಸಿ ಟಣಟಣ ಅನ್ನುತ್ತಿತ್ತು.

"ಇನ್ನು ಮೂರೇ ದಿನ ಸಾವ್ಕಾರ್ರೇ. ನನ್ನ ಮುಖ ನೋಡಿ."

"ನಿನ್ನ ಮುಖಾನೇ ನೋಡ್ತಿದೀನಿ ಹಾಲಮ್ಮ. ಅವನದ್ದು ನೋಡಿದ್ದರೆ ಸೋಮವಾರವೇ ಮುಗೀತಿತ್ತು." ಬಸಿ ಕೆಳಗಿಟ್ಟರು. "ಇನ್ನೊಂದಾದರೆ ಇಲ್ಲ. ಅಷ್ಟೇ."

ಶನಿವಾರ ಬೆಳಿಗ್ಗೆ ಮಿರ್ಚಿ ಅಂಗಡಿ ಮಲ್ಲೇಶಪ್ಪ ತಮ್ಮನ ಜೊತೆಗೆ ಬಂದ. ಊರಿನ ದೊಡ್ಡ ಮಿರ್ಚಿ ಅಂಗಡಿ ಅವನದು. ದಿನಕ್ಕೆ ಎರಡು ಚೀಲ ಮಂಡಕ್ಕಿ ಈ ಭಟ್ಟಿಯಿಂದಲೇ ಹೋಗುತ್ತಿತ್ತು. ಅವತ್ತು ಬಂದದ್ದು ಅಂಗಡಿಗಲ್ಲ. ನಸುಕಿನಲ್ಲಿ ಅವರಪ್ಪ ತೀರಿಕೊಂಡಿದ್ದರು. ಹೆಣದ ಮುಂದೆ ದಾರಿಯುದ್ದಕ್ಕೂ ಮಂಡಕ್ಕಿ ಚೆಲ್ಲಿಕೊಂಡು ಹೋಗುವುದು ಆ ಕಡೆಯ ಪದ್ಧತಿ. ಅಣ್ಣತಮ್ಮ ಇಬ್ಬರೂ ತಲೆ ತಗ್ಗಿಸಿ ಅಂಗಳದ ಕಟ್ಟೆ ಮೇಲೆ ಕೂತರು.

ಕೊಟ್ರ ನೋಡಿದ. ಎರಡು ಮುಖ ಬಾಡಿದ್ದವು. ಹೋಗಿ ಮಧ್ಯದಲ್ಲಿ ಕೂತ.

"ಯಾಕಣ್ಣ, ಮುಖ ಬಾಡೈತೆ?"

"ಅಪ್ಪ ಹೋಗಿಬಿಟ್ಟರು ಕಣಪ್ಪ."

"ಹೌದಾ? ಹಂಗಾದ್ರೆ ಎಮ್ಮೆ ಕತೆ ಹೇಳ್ತೀನಿ ಕೇಳು."

ಹೇಳಿದ. ಮೊದಲ ಚೀಲದಿಂದ ಮೂವತ್ತೇಳನೆಯ ಚೀಲದವರೆಗೆ ಒಂದೊಂದನ್ನೂ ಬಿಡದೆ ಹೇಳಿದ. ಮಲ್ಲೇಶಪ್ಪ ಕಲ್ಲಿನ ಹಾಗೆ ಕೂತಿದ್ದ. ತಮ್ಮ ಮಾತ್ರ ಆ ಎಮ್ಮೆಯನ್ನು ಬೀದಿಯಲ್ಲಿ ಕಣ್ಣಾರೆ ಕಂಡವನು. ಕತೆ ಮೂವತ್ತೆಂಟನೆಯ ಚೀಲಕ್ಕೆ ಬಂದಾಗ ಟವಲಿನಿಂದ ಬಾಯಿ ಮುಚ್ಚಿಕೊಂಡ. ನಗು ಮೂಗಿನಿಂದ ಬಂತು.

ಮಲ್ಲೇಶಪ್ಪ ತಮ್ಮನ ಕೆನ್ನೆಗೆ ಬಾರಿಸಿದ.

"ಅಪ್ಪ ಸತ್ತು ನಾಲ್ಕು ಗಂಟೆ ಆಗಿಲ್ಲ! ಹಲ್ಲು ಬಿಡ್ತೀಯೇನೋ!"

"ನಾನಲ್ಲಣ್ಣ, ಇವನು..."

"ಸಾವ್ಕಾರ್ರೇ! ಇನ್ನು ನಿಮ್ಮ ಭಟ್ಟಿ ಮೆಟ್ಟಿಲು ಹತ್ತಿದರೆ ಕೇಳಿ!" ಎಂದು ಕೂಗಿ ಮಲ್ಲೇಶಪ್ಪ ಹೊರಟೇಹೋದ. ತಮ್ಮ ಚೀಲ ಹೊತ್ತು ಹಿಂದೆ ಹೋದ. ಅವನ ಭುಜ ಇನ್ನೂ ಕುಲುಕುತ್ತಿತ್ತು. ನೋಡಿದವರು ಅಳು ಅಂದುಕೊಂಡರು.

ಸುದ್ದಿ ಕೇಳಿ ಹಾಲಮ್ಮ ನೆಲಕ್ಕೆ ಕೂತಳು. ಆಮೇಲೆ ಎದ್ದಳು. ಎಲ್ಲ ಹೋದ ಮೇಲೂ ಒಂದು ದಾರಿ ಉಳಿದಿತ್ತು. ಮಲ್ಲೇಶಪ್ಪನನ್ನು ಸಮಾಧಾನ ಮಾಡಬೇಕು. ಭಾನುವಾರ ಬೆಳಿಗ್ಗೆ ಮಗನನ್ನು ಎದುರಿಗೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದಳು.

"ಅವರ ಮನೆಗೆ ಹೋಗು. ನಗಬೇಡ, ನಗಿಸಬೇಡ. ತಲೆ ಮೇಲಿನ ಟವಲ್ ತೆಗೆ. ಎರಡೂ ಕೈ ಹಿಡಕೊಂಡು ಹೇಳು: 'ಆದದ್ದು ಆಗಿಹೋಯ್ತು. ಯಾರ ಕೈಲೂ ಇರಲಿಲ್ಲ. ಇಂಥದ್ದು ಎಲ್ಲರ ಮನೆಗೂ ಒಂದು ದಿನ ಬರೋದೇ. ಧೈರ್ಯ ತಗೊಳ್ಳಿ.' ಇಷ್ಟೇ. ಹೇಳಿ ಹೊರಟುಬಿಡು. ಸಾವಿನ ಮನೇಲಿ 'ಹೋಗಿ ಬರ್ತೀನಿ' ಅನ್ನಬಾರದು. ಹಿಂದಿನಿಂದ ಯಾರು ಕೂಗಿದರೂ ತಿರುಗಿ ನೋಡಬಾರದು. ಸೀದಾ ಮನೆಗೆ ಬಂದು ಬಚ್ಚಲಲ್ಲಿ ತಲೆ ಮೇಲೆ ನೀರು ಹುಯ್ಕೊಂಡು ಒಳಗೆ ಬಾ."

ಕೊಟ್ರ ಹೋದ. ಹಾಲಮ್ಮ ಬಾಗಿಲಲ್ಲೇ ನಿಂತು ಕಾದಳು. ಅರ್ಧ ಗಂಟೆಯಲ್ಲಿ ವಾಪಸು ಬಂದ. ತಿರುಗಿ ನೋಡದೆ ಬಂದ, ಬಚ್ಚಲಿಗೆ ಹೋದ, ನೀರು ಹುಯ್ದುಕೊಂಡ. ಅವನ ಹಿಂದೆಯೇ ಮಲ್ಲೇಶಪ್ಪನ ತಮ್ಮ ಬಂದ.

ಹಾಲಮ್ಮನ ಜೀವ ಬಾಯಿಗೆ ಬಂತು. "ಈಗೇನು ಮಾಡಿದ ನಮ್ಮ ಕೊಟ್ರ?"

"ಏನು ಹೇಳಲಿ ಹಾಲಮ್ಮಕ್ಕ! ಊರ ಜನ ಎಲ್ಲ ಬಂದು ಅಪ್ಪನ ಕಾಯಿಲೆ ಕೇಳಿದರು, ಆಸ್ತಿ ಕೇಳಿದರು. ಇವನು ನಾಲ್ಕೇ ಮಾತು ಹೇಳಿದ. ಅಣ್ಣ ಅವನ ಕೈ ಹಿಡಕೊಂಡು ಅತ್ತ. ಸಾವ್ಕಾರ್ರಿಗೆ ತಾನೇ ಹೇಳಿ ಕಳಿಸಿದಾನೆ, ಮಂಡಕ್ಕಿ ಎಂದಿನ ಹಾಗೆ ಬರಲಿ, ಹುಡುಗನ್ನ ಬಿಡಬೇಡಿ ಅಂತ."

ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಹಾಲಮ್ಮನ ಮಗ ಹೇಳಿದ ಹಾಗೆ ಮಾಡಿದ್ದು ಸರಿಯಾಗಿತ್ತು. ಅವಳು ಅವನ ಒದ್ದೆ ತಲೆ ಒರೆಸಿದಳು. ಗೋಧಿ ಪಾಯಸ ಮಾಡಿದಳು.

"ನಾಳೆ ಕೊನೇ ದಿನ ನನ್ನಪ್ಪ. ಬೇರೆ ಬುದ್ಧಿ ಏನೂ ಬೇಡ. ಇವತ್ತು ಹೆಂಗೆ ಮಾಡಿದೆಯೋ ನಾಳೆ ಸಾವ್ಕಾರ್ರ ಮುಂದೆ ಹಂಗೇ ಇರು. ಒಂದಕ್ಷರ ಆಚೀಚೆ ಬೇಡ."

"ಹಂಗೇ ಇರ್ತೀನಿ ಯವ್ವಾ."

"ಮರೀಬೇಡ!" ಎಂದಳು. ಕಣ್ಣಲ್ಲಿ ನೀರಿತ್ತು.

"ಮರೆಯಲ್ಲ."

ಸೋಮವಾರ ಅವಳೂ ಜೊತೆಗೆ ಹೋದಳು. ಜಾಗವನ್ನು ಮಗನಿಗೆ ಕೈಯಾರೆ ಒಪ್ಪಿಸಬೇಕೆಂದು ತನ್ನ ಜರಡಿ ಎತ್ತಿಕೊಂಡು ಹೋದಳು. ಸಾಹುಕಾರರು ಅಂಗಳದಲ್ಲಿ ನಿಂತಿದ್ದರು. ಎಂಟು ದಿನದಲ್ಲಿ ಅವರ ಜುಬ್ಬಾ ಸಡಿಲವಾಗಿತ್ತು. ಆಳುಗಳು ಸುತ್ತ ನಿಂತರು. ರುದ್ರಪ್ಪ ಒಲೆ ಮುಂದೆ ಮರಳು ಕಾಯಿಸುತ್ತಿದ್ದ.

ಸಾಹುಕಾರರು ಗಂಟಲು ಸರಿಮಾಡಿಕೊಂಡರು.

"ಎಲ್ಲರೂ ಕೇಳಿ. ಏನೇನು ಆಯ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದು ಬೇಡ. ಹಾಲಮ್ಮನ ಇಪ್ಪತ್ತಾರು ವರ್ಷ ಒಂದು ಕಡೆ, ಮಲ್ಲೇಶಪ್ಪನ ಮಾತು ಒಂದು ಕಡೆ. ಇವತ್ತಿನಿಂದ ಕೊಟ್ರ ನಮ್ಮ ಭಟ್ಟಿಯವನು. ಖಾಯಂ."

ಹಾಲಮ್ಮನಿಗೆ ಉಸಿರು ಬಂತು. ಆದರೆ ಪೂರ್ತಿ ಬರಲಿಲ್ಲ. ಯಾಕೆಂದರೆ ಕೊಟ್ರ ತಲೆ ಮೇಲಿನ ಟವಲ್ ತೆಗೆಯುತ್ತಿದ್ದ.

ಟವಲ್ ತೆಗೆದ. ಮುಂದೆ ಬಂದ. ಸಾಹುಕಾರರ ಎರಡೂ ಕೈ ಹಿಡಿದುಕೊಂಡ.

"ಆದದ್ದು ಆಗಿಹೋಯ್ತು ಸಾವ್ಕಾರ್ರೇ" ಎಂದ. "ಯಾರ ಕೈಲೂ ಇರಲಿಲ್ಲ. ಇಂಥದ್ದು ಎಲ್ಲರ ಮನೆಗೂ ಒಂದು ದಿನ ಬರೋದೇ. ಧೈರ್ಯ ತಗೊಳ್ಳಿ."

ಒಲೆಯಲ್ಲಿ ಹೊಟ್ಟು ಚಿಟಚಿಟ ಎಂದಿತು. ಹಾಲಮ್ಮ ಜರಡಿಯನ್ನು ಎದೆಗೆ ಒತ್ತಿ ಹಿಡಿದಳು. ಇಪ್ಪತ್ತಾರು ವರ್ಷ ಇಲ್ಲಿಗೆ ಮುಗಿಯಿತು ಅಂದುಕೊಂಡಳು.

ಸಾಹುಕಾರರು ಕೊಟ್ರನ ಮುಖವನ್ನೇ ನೋಡಿದರು. ಅವರ ಗಡ್ಡ ಅದುರಿತು.

"ನಿಜ ಕಣಪ್ಪ" ಎಂದರು. "ಎಂಟು ದಿನದಿಂದ ಪ್ರತಿಯೊಬ್ಬರೂ ಬಂದು ನನ್ನ ಹತ್ತಿರ ದೂರು ಹೇಳಿದರು. ಧೈರ್ಯ ತಗೋ ಅಂತ ಅಂದವನು ನೀನೊಬ್ಬನೇ." ಶಲ್ಯದಿಂದ ಕಣ್ಣು ಒರೆಸಿಕೊಂಡರು. "ಹೋಗು. ನಿಮ್ಮವ್ವನ ಕೈಯಿಂದ ಜರಡಿ ತಗೋ. ಕೂತ್ಕೋ."

ಕಣ್ಣು ಒರೆಸಿಕೊಂಡು ನೋಡಿದರೆ ಎದುರಿಗೆ ಕೊಟ್ರ ಇರಲಿಲ್ಲ. ಅವನಾಗಲೇ ಚರಂಡಿಯ ಹಲಗೆ ದಾಟಿದ್ದ.

"ಕೊಟ್ರಾ!" ಎಂದರು ಸಾಹುಕಾರರು.

ತಿರುಗಲಿಲ್ಲ.

"ಕೊಟ್ರಾ, ಕೆಲಸ ಸಿಕ್ಕಿತು ಬಾರೋ!" ಎಂದರು ಆಳುಗಳು.

ತಿರುಗಲಿಲ್ಲ.

"ಮಗನೇ! ನಾನು ಕಣೋ, ನಿಮ್ಮವ್ವ!" ಎಂದಳು ಹಾಲಮ್ಮ.

ಯಾರು ಕೂಗಿದರೂ ತಿರುಗಬಾರದು ಎಂದು ಹೇಳಿದವಳು ಅವಳೇ. ಕೊಟ್ರ ಬೀದಿಯ ತಿರುವು ದಾಟಿ ಮರೆಯಾದ.

ಅಷ್ಟರಲ್ಲಿ ರುದ್ರಪ್ಪ, ಮಾತೆಲ್ಲ ಮುಗಿಯಿತೆಂದು, ಅಕ್ಕಿ ಸುರಿದುಬಿಟ್ಟಿದ್ದ.

"ಹಿಡಿ!" ಎಂದು ಕೂಗಿದ. ಪಕ್ಕಕ್ಕೆ ನೋಡಿದ. ಜಾಗ ಖಾಲಿ ಇತ್ತು. "ಯಾರಾದರೂ ಹಿಡೀರೋ!"

ಹಾಲಮ್ಮ ಓಡಿ ಹೋಗಿ ಕೂತಳು. ಜರಡಿ ಒಡ್ಡಿದಳು. ಬಿಸಿ ಮರಳಿನ ಸಮೇತ ಮಂಡಕ್ಕಿ ಬಂದು ಬಿತ್ತು. ಮಣಿಕಟ್ಟಿನಿಂದ ನೋವು ಭುಜದವರೆಗೆ ಹತ್ತಿತು. ಜಾಡಿಸಿದಳು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಹಾಕು, ಹಿಡಿ, ಜಾಡಿಸು.

ಸಾಹುಕಾರರು ಪಕ್ಕಕ್ಕೆ ಬಂದು ನಿಂತರು.

"ಹಾಲಮ್ಮ, ಜಾಗ ಅವನದು ಅಂತ ಎಲ್ಲರ ಮುಂದೆ ಹೇಳಿಬಿಟ್ಟಿದೀನಿ. ಇನ್ನು ಬೇರೆಯವರನ್ನ ಕೂರಿಸೋಕೂ ಆಗಲ್ಲ."

"ಕೂರಿಸಬೇಡಿ ಸಾವ್ಕಾರ್ರೇ. ಬರ್ತಾನೆ. ಬರೋವರೆಗೆ ನಾನು ಹಿಡಿದಿರ್ತೀನಿ."

ಮಧ್ಯಾಹ್ನವಾಯಿತು, ಬರಲಿಲ್ಲ. ಮೂರು ಗಂಟೆಯಾಯಿತು, ಬರಲಿಲ್ಲ. ಸಂಜೆ ಒಲೆ ಆರಿಸಿದರು. ಹಾಲಮ್ಮ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಕೊಟ್ರ ಸ್ನಾನ ಮಾಡಿ, ತಲೆ ಬಾಚಿಕೊಂಡು, ಕಟ್ಟೆ ಮೇಲೆ ನೆಮ್ಮದಿಯಾಗಿ ಕೂತಿದ್ದ.

"ಬೆಳಿಗ್ಗೆ ಹೋದವನು ಸಂಜೆಯಾದರೂ ಭಟ್ಟಿಗೆ ಬರಲೇ ಇಲ್ಲವಲ್ಲೋ! ಯಾಕೋ ಬರಲಿಲ್ಲ?"

ಕೊಟ್ರ ತಾಯಿಗೆ ಕೂರಲು ಜಾಗ ಬಿಟ್ಟ.

"ಹೋಗಿ ಬರ್ತೀನಿ ಅಂತ ಹೇಳಿರಲಿಲ್ಲವಲ್ಲ ಯವ್ವಾ."